ಇಬ್ಬರು ಕರಿಯಮ್ಮರು, ಒಂದು ಫೈಲು

ಕರಿಯಮ್ಮನಿಗೆ ಸೀಟು ಸಿಕ್ಕಿತು! ಒಬ್ಬಳಿಗಲ್ಲ, ಇಬ್ಬರು ಕರಿಯಮ್ಮರಿಗೂ ಸಿಕ್ಕಿತು. ಎಂ.ಎಸ್ಸಿ. ಸಸ್ಯಶಾಸ್ತ್ರ, ಹಾಸ್ಟೆಲ್ ಸಮೇತ. ಕೊನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ ನಾನು ಪ್ರವೇಶ ವಿಭಾಗದ ವರಾಂಡದಲ್ಲಿ ಪೊರಕೆ ಹಿಡಿದುಕೊಂಡೇ ಕುಣಿದೆನಂತೆ. ಸೂಪರಿಂಟೆಂಡೆಂಟ್ ಮೇಡಂ ಕಿಟಕಿಯಿಂದ ತಲೆ ಹಾಕಿ, "ಅಜ್ಜಿ, ಮಂಡಿ ನೋವು ಎಲ್ಲಿ ಹೋಯ್ತು?" ಎಂದು ಕೇಳಿದರಂತೆ. ನನಗೆ ಒಂದೂ ನೆನಪಿಲ್ಲ. ನೆನಪಿರುವುದು ಪಟ್ಟಿಯಲ್ಲಿ ಮೇಲೊಂದು, ಕೆಳಗೊಂದು ಇದ್ದ ಆ ಹೆಸರು ಮಾತ್ರ.

ಈಗ ಬಾಯಿತುಂಬ ನಗು ಬರುತ್ತದೆ. ಆದರೆ ಆ ಆಷಾಢ ಪೂರ್ತಿ ನನ್ನ ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ. ನನ್ನ ಮೊಮ್ಮಗಳ ಸೀಟಿಗೂ ನಾನು ಕಣ್ಣಲ್ಲೇ ಕಾಣದ ಇನ್ನೊಂದು ಹುಡುಗಿಯ ಸೀಟಿಗೂ ಒಂದೇ ಮಾತಿನಲ್ಲಿ ಮಣ್ಣು ಹಾಕಿದವಳು ನಾನೇ. ಅದು ಹೇಗಾಯಿತು, ಹೇಗೆ ಬಿಡಿಸಿಕೊಂಡೆವು ಎಂದು ಬಾಯಲ್ಲಿ ಹೇಳಲು ಹೋದರೆ ನಡುವೆ ಅಳುತ್ತೇನೆ, ನಗುತ್ತೇನೆ, ಮುಂದಕ್ಕೆ ಹೋಗುವುದಿಲ್ಲ. "ಬರೆದುಬಿಡು ಅಜ್ಜಿ" ಎಂದಳು ಮೊಮ್ಮಗಳು. ನಾನು ಓದಿದ್ದು ನಾಲ್ಕನೆಯ ತರಗತಿ. ಕಾಗುಣಿತ ತಿದ್ದಿದ್ದು ಅವಳು, ಮಾತು ನನ್ನದು.

ಚಳ್ಳಕೆರೆ ದಾಟಿ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲು ಬಯಲಿನ ಕಡೆಗೆ ಹೋದರೆ ವಿಶ್ವವಿದ್ಯಾಲಯದ ಹೊಸ ಕೇಂದ್ರವಿದೆ. ಅಲ್ಲಿಯ ಪ್ರವೇಶ ವಿಭಾಗದಲ್ಲಿ ಗುಡಿಸುವುದು, ನೀರು ತುಂಬುವುದು, ಫೈಲು ಹೊರುವುದು ನನ್ನ ಕೆಲಸ. ಹೋದ ವರ್ಷದವರೆಗೂ ಅಲ್ಲಿ ಎಲ್ಲವೂ ಕಾಗದ. ಲಕೋಟೆಗಳು ಮೂಟೆಗಟ್ಟಲೆ ಬರುತ್ತಿದ್ದವು. ಗುಮಾಸ್ತರು ಅವನ್ನು ಒಡೆದು, ಜಮಖಾನದ ಮೇಲೆ ವಿಷಯಕ್ಕೊಂದು ಗುಡ್ಡೆ ಮಾಡಿ, ದಾರ ಕಟ್ಟಿ ಬೀರುವಿನಲ್ಲಿ ಇಡುತ್ತಿದ್ದರು. ನಮ್ಮ ಕಾವಲಿನ ಗಾಳಿ ಗೊತ್ತಲ್ಲ, ಯಾರೋ ಒಬ್ಬರು ಬಾಗಿಲು ತೆಗೆದರೆ ಸಸ್ಯಶಾಸ್ತ್ರದ ಗುಡ್ಡೆ ಹೋಗಿ ಇತಿಹಾಸದ ಗುಡ್ಡೆಯ ಮೇಲೆ ಕೂರುತ್ತಿತ್ತು.

ಮೊಮ್ಮಗಳು ಹೋದ ವರ್ಷವೂ ಅರ್ಜಿ ಹಾಕಿದ್ದಳು. ಪಟ್ಟಿಯಲ್ಲಿ ಅವಳ ಹೆಸರೇ ಬರಲಿಲ್ಲ. ಪ್ರವೇಶವೆಲ್ಲ ಮುಗಿದು, ದಸರೆಗೆಂದು ಬೀರು ಸರಿಸಿ ಗುಡಿಸುವಾಗ ಅವಳ ಲಕೋಟೆ ಗೋಡೆಗೂ ಬೀರುವಿಗೂ ನಡುವಿನ ಸಂದಿಯಲ್ಲಿ ಜೇಡರ ಬಲೆ ಹೊದ್ದುಕೊಂಡು ಬಿದ್ದಿತ್ತು. ನನ್ನ ಪೊರಕೆಗೇ ಸಿಕ್ಕಿತು. ಮನೆಗೆ ಒಯ್ದು ಕೊಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿ ಟ್ರಂಕಿನಲ್ಲಿಟ್ಟಳು. ಆ ವರ್ಷ ಅಪ್ಪನ ಜೊತೆ ಕುರಿ ಹಿಂದೆ ಹೋದಳು. ನನ್ನ ಮಗ ಕೆಟ್ಟವನಲ್ಲ, ಆದರೆ ಅವನಿಗೂ ಸಾಕಾಗಿತ್ತು.

"ಇನ್ನೊಂದು ಸಲ ನೋಡ್ತೀನಿ ಅವ್ವಾ. ಈ ಸಲಾನೂ ಸಿಗಲಿಲ್ಲ ಅಂದ್ರೆ ಅವಳ ಅತ್ತೆ ಜೊತೆ ಗಾರ್ಮೆಂಟ್ಸಿಗೆ ಕಳಿಸ್ತೀನಿ. ಎಷ್ಟ್ ದಿನ ಅಂತ ಕಾಯೋದು?" ಎಂದಿದ್ದ.

ಹಾಗಾಗಿ ಈ ವರ್ಷ ಕಂಪನಿಯವರು ಕಂಪ್ಯೂಟರು, ಸ್ಕ್ಯಾನರು ತಂದು ಇಳಿಸಿದಾಗ ಇಡೀ ವಿಭಾಗದಲ್ಲಿ ನನ್ನಷ್ಟು ಖುಷಿಪಟ್ಟವರು ಯಾರೂ ಇಲ್ಲ. ಗುಮಾಸ್ತರೆಲ್ಲ ಮುಖ ಗಂಟು ಹಾಕಿಕೊಂಡಿದ್ದರು. ಯಂತ್ರ ನಡೆಸಲು ಬಂದವಳು ದಾವಣಗೆರೆ ಕಡೆಯ ಒಬ್ಬ ಹೆಣ್ಣುಮಗಳು, ಕಂಪ್ಯೂಟರ್ ಮೇಡಂ ಎನ್ನುತ್ತಿದ್ದೆವು. ನಾನು ಮೊದಲ ದಿನವೇ ಹೋಗಿ ಕೇಳಿದೆ.

"ಇದರ ಹಿಂದೆ ಲಕೋಟೆ ಬೀಳೋ ಸಂದಿ ಐತೇನವ್ವ?"

ಅವಳು ನಕ್ಕಳು. "ಇಲ್ಲ ಅಜ್ಜಿ. ಒಂದ್ಸಲ ಒಳಗೆ ಹೋದ್ರೆ ಏನೂ ಕಳೆಯಲ್ಲ."

ಆ ಮಾತು ನನಗೆ ದೇವರು ಹೂ ಕೊಟ್ಟಂತಾಯಿತು.

ಕೆಲಸ ಶುರುವಾಯಿತು. ಲಕೋಟೆ ಒಡೆಯುವುದು, ಪಿನ್ನು ಕೀಳುವುದು, ಮಡಿಕೆ ಬಿಡಿಸುವುದು, ದೂಳು ಒರೆಸುವುದು ನನ್ನ ಪಾಲಿಗೆ ಬಂತು. ಒಂದು ಪಿನ್ನು ಉಳಿದರೂ ಸ್ಕ್ಯಾನರಿನ ಗಾಜು ಗೀರಿ, ಆಮೇಲೆ ಬಂದವರ ಅಂಕಪಟ್ಟಿಯ ಮೇಲೆಲ್ಲ ಕರಿ ಗೆರೆ ಬೀಳುತ್ತಿತ್ತು. ಮೊದಲು ಅರ್ಜಿ, ಆಮೇಲೆ ಹತ್ತನೆಯದರ ಅಂಕಪಟ್ಟಿ, ಪದವಿಯದು, ಜಾತಿ ಆದಾಯದ್ದು, ಕೊನೆಗೆ ಲಕೋಟೆ. ಲಕೋಟೆಯ ಮೇಲೆ ಅರ್ಜಿ ಬಂದು ಸೇರಿದ ದಿನದ ಮೊಹರು ಇರುತ್ತದಲ್ಲ, ಅದೂ ಒಳಗೆ ಹೋಗಬೇಕೆಂದು ಕಂಪ್ಯೂಟರ್ ಮೇಡಂ ಹಟ ಹಿಡಿದಿದ್ದಳು. "ಹರಿದ ಲಕೋಟೆ ಯಾಕವ್ವ ಆ ಬಡಪಾಯಿ ಯಂತ್ರಕ್ಕೆ?" ಎಂದು ನಾನು ಗೊಣಗುತ್ತಿದ್ದೆ. ಒಬ್ಬರ ಕಾಗದ ಮುಗಿದು ಇನ್ನೊಬ್ಬರದು ಶುರುವಾಗುವ ಕಡೆ ಒಂದು ಹಸಿರು ಹಾಳೆ ಇಡಬೇಕು. ಅದನ್ನು ನೋಡಿಯೇ ಯಂತ್ರಕ್ಕೆ ಒಬ್ಬರು ಮುಗಿದರೆಂದು ಗೊತ್ತಾಗುವುದು.

ಆಮೇಲೆ ಕಂಪ್ಯೂಟರ್ ಮೇಡಂ ಹೆಸರು, ತಂದೆ ಹೆಸರು, ಊರು, ಹುಟ್ಟಿದ ದಿನ ಒತ್ತುತ್ತಿದ್ದಳು. ನಾಲ್ಕೂ ಒಂದೇ ಥರ ಇರುವ ಎರಡು ಅರ್ಜಿ ಬಂದರೆ ಯಂತ್ರ ಟಣ್ಣೆಂದು ಕೇಳುತ್ತಿತ್ತು: ಇವರಿಬ್ಬರೂ ಒಂದೇ ವ್ಯಕ್ತಿಯೇ? ಒಂದೇ ಎಂದರೆ ಎರಡು ಅರ್ಜಿಯನ್ನೂ ಸೇರಿಸಿ ಒಂದು ಫೈಲು ಮಾಡುತ್ತಿತ್ತು. ಹೆದರಿಕೆಗೆ ಎರಡೆರಡು ಅರ್ಜಿ ಹಾಕುವವರು ಬಹಳ ಮಂದಿ ಇರುತ್ತಾರೆ, ಅದಕ್ಕೆ ಆ ಏರ್ಪಾಡು.

ಒಂದು ಮಧ್ಯಾಹ್ನ ಯಂತ್ರ ಟಣ್ಣೆಂದಿತು. ಮೇಡಂ ಗಟ್ಟಿಯಾಗಿ ಓದಿದಳು. "ಕರಿಯಮ್ಮ, ತಂದೆ ಚಿಕ್ಕಣ್ಣ, ಗೊಲ್ಲರಹಟ್ಟಿ, ಜೂನ್ ಒಂದು. ಎರಡು ಸಲ ಬಂದೈತೆ. ಯಾರಿಗಾದ್ರೂ ಗೊತ್ತಾ?"

ಪಿನ್ನು ಕೀಳುತ್ತಿದ್ದ ನನ್ನ ಕೈ ನಿಂತಿತು. ಎದೆ ಉಬ್ಬಿತು. "ನನ್ನ ಮೊಮ್ಮಗಳೇ ಕಣವ್ವಾ!" ಎಂದೆ.

"ಎರಡು ಅರ್ಜಿ ಹಾಕಿದ್ದಾರಾ?"

ಮೊಮ್ಮಗಳು ಮೊದಲು ಬರೆದ ಅರ್ಜಿಯ ಮೇಲೆ ಚಹಾ ಚೆಲ್ಲಿ, ಇನ್ನೊಂದು ತಂದು ತುಂಬಿದ್ದು ನೆನಪಾಯಿತು. ಮಗ ಚೆಲ್ಲಿದ್ದನ್ನೂ ಅಂಚೆಗೆ ಹಾಕಿರಬೇಕು ಎಂದುಕೊಂಡೆ. "ಹೂಂ ಕಣವ್ವ. ನಮ್ಮೋರು ಪೆದ್ದರು. ಒಂದೇ ಮಾಡ್ಬಿಡು" ಎಂದೆ.

ಅವಳು ಒತ್ತಿದಳು. ಒಂದೇ ಆಯಿತು. ನಾನು ಎಲೆಅಡಿಕೆ ಹಾಕಿಕೊಂಡೆ.

ತಾತ್ಕಾಲಿಕ ಪಟ್ಟಿ ಬಂದ ದಿನ ನಮ್ಮ ಮನೆಯ ಫೋನಿಗೆ ಸಂದೇಶ ಬಂತು: ಕರಿಯಮ್ಮ, ಆಯ್ಕೆಯಾಗಿದ್ದೀರಿ. ಮಗ ಕುರಿಹಟ್ಟಿಯಿಂದ ಓಡಿ ಬಂದ. ಸೊಸೆ ದೇವರ ಮುಂದೆ ದೀಪ ಹಚ್ಚಿದಳು. ಹಟ್ಟಿಯವರೆಲ್ಲ ಬಂದು ಸಕ್ಕರೆ ಬಾಯಿಗೆ ಹಾಕಿಕೊಂಡು ಹೋದರು. ಮೊಮ್ಮಗಳು ಮಾತ್ರ ಫೋನು ಹಿಡಿದುಕೊಂಡು ಮೂಲೆಗೆ ಹೋಗಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ನನ್ನನ್ನು ಸನ್ನೆ ಮಾಡಿ ಕರೆದಳು.

"ಅಜ್ಜಿ, ಇದು ನಾನಲ್ಲ."

"ಏನು ಹಂಗಂದ್ರೆ? ಹೆಸರೈತೆ, ನಿಮ್ಮಪ್ಪನ ಹೆಸರೈತೆ."

"ಅರ್ಜಿ ನಂಬರು ನಂದಲ್ಲ. ಮಾರ್ಕ್ಸೂ ನಂದಲ್ಲ. ನನಗಿಂತ ಜಾಸ್ತಿ ಐತೆ. ನನ್ನ ನಂಬರು ಹಾಕಿದ್ರೆ ಅರ್ಜಿನೇ ಇಲ್ಲ ಅಂತೈತೆ."

"ನೀನು ಎರಡು ಕಳಿಸಿರಲಿಲ್ಲವಾ?"

"ಚಹಾ ಚೆಲ್ಲಿದ್ದನ್ನ ಒಲೆಗೆ ಹಾಕಿದ್ನಲ್ಲ. ನೀನೇ ನೋಡ್ದೆ."

ಹೌದು, ನೋಡಿದ್ದೆ. ಆಗ ನೆನಪಾಯಿತು. ನಮ್ಮವರಲ್ಲಿ ಮನೆದೇವತೆ ಕರಿಯಮ್ಮ. ಹಿರಿಮಗನ ಮನೆಯಲ್ಲಿ ಹುಟ್ಟಿದ ಮೊದಲ ಹೆಣ್ಣುಕೂಸಿಗೆ ಅವಳ ಹೆಸರೇ. ಗಂಡಿಗೆ ತಾತನ ಹೆಸರು. ತಾತಂದಿರೋ ಚಿಕ್ಕಣ್ಣ, ಈರಣ್ಣ, ಕರಿಯಪ್ಪ, ಈ ಮೂವರ ಆಚೆಗೆ ಹೋಗುವುದಿಲ್ಲ. ಗೊಲ್ಲರಹಟ್ಟಿ ಎಂಬ ಊರು ಈ ಸೀಮೆಯಲ್ಲಿ ಎಲ್ಲಿ ನೋಡಿದರೂ ಒಂದು ಸಿಗುತ್ತದೆ. ಇನ್ನು ಹುಟ್ಟಿದ ದಿನ: ಕೇಳಿದರೆ ನಾವು ಶೇಂಗಾ ಕೀಳುವ ಹೊತ್ತಿಗೆ ಎನ್ನುತ್ತೇವೆ, ಶಾಲೆಯ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಳ್ಳುತ್ತಾರೆ. ನಮ್ಮ ಮಕ್ಕಳೆಲ್ಲ ಜೂನ್ ಒಂದರಂದೇ ಹುಟ್ಟಿದವರು, ಓರಗೆಯವರಾದರೆ ಇಸವಿಯೂ ಒಂದೇ. ಇದು ಆ ಯಂತ್ರಕ್ಕೆ ಗೊತ್ತಿಲ್ಲ, ದಾವಣಗೆರೆಯ ಹುಡುಗಿಗೆ ಗೊತ್ತಿಲ್ಲ. ಹಟ್ಟಿಯಲ್ಲೇ ಮುದುಕಿಯಾದ ನನಗೆ ಗೊತ್ತಿರಬೇಕಿತ್ತು.

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಕಂಪ್ಯೂಟರ್ ಮೇಡಂ ಫೈಲು ತೆರೆದಳು. ಅದರೊಳಗೆ ಎರಡು ಅರ್ಜಿ, ಎರಡು ಪದವಿ ಅಂಕಪಟ್ಟಿ, ಎರಡು ಲಕೋಟೆ. ಒಂದರಲ್ಲಿ ತಾಲ್ಲೂಕು ಚಳ್ಳಕೆರೆ, ಇನ್ನೊಂದರಲ್ಲಿ ಮೊಳಕಾಲ್ಮೂರು. ತಾಯಿಯ ಹೆಸರು ಬೇರೆ ಬೇರೆ. ಜೆರಾಕ್ಸಿನಲ್ಲಿ ಫೋಟೊ ಕರ್ರಗಾಗಿ ಮುಖವೇ ಕಾಣುತ್ತಿರಲಿಲ್ಲ. ಯಂತ್ರ ಮೊದಲು ಬಂದ ಅರ್ಜಿಯ ನಂಬರು ಇಟ್ಟುಕೊಂಡು, ಕೊನೆಗೆ ಬಂದದ್ದರ ಫೋನು ಇಟ್ಟುಕೊಂಡು, ಎರಡರಲ್ಲಿ ಹೆಚ್ಚಿದ್ದ ಅಂಕ ಹಿಡಿದುಕೊಂಡಿತ್ತು. ನಂಬರು, ಅಂಕ ಆ ಮೊಳಕಾಲ್ಮೂರಿನ ಹುಡುಗಿಯದು. ಫೋನು ನಮ್ಮದು.

ಮೇಡಂ ಎರಡು ಅರ್ಜಿಯನ್ನೂ ಇನ್ನೊಮ್ಮೆ ಓದಿದಳು. "ನಾನೂ ತಾಯಿ ಹೆಸರು ನೋಡ್ಲಿಲ್ಲ ಅಜ್ಜಿ. ನನ್ನ ಕೆಲಸ ಹೋಗುತ್ತೆ."

"ಬಿಡಿಸವ್ವ ಮತ್ತೆ. ಗಂಟು ತಾನೆ."

"ಬಿಡಿಸೋ ಬಟನ್ನೇ ಇಲ್ಲ. ಪಟ್ಟಿ ಬಂದ ಮೇಲೆ ಬೀಗ ಬೀಳುತ್ತೆ. ಸೂಪರಿಂಟೆಂಡೆಂಟ್ ಮೇಡಂ ಬರೆದು ಕೊಟ್ರೆ ಮಾತ್ರ ಕಂಪನಿಯವರು ತೆಗೀತಾರೆ."

ಇಬ್ಬರೂ ಹೋಗಿ ಸೂಪರಿಂಟೆಂಡೆಂಟ್ ಮೇಡಂ ಮುಂದೆ ನಿಂತೆವು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು. "ಇಬ್ಬರೂ ಹುಡುಗಿಯರು ಮೂಲ ದಾಖಲೆ ಹಿಡಿದು ನನ್ನ ಮುಂದೆ ನಿಂತು, ನಾವು ಬೇರೆ ಬೇರೆ ಅಂತ ಸಹಿ ಹಾಕ್ಬೇಕು. ಆಕ್ಷೇಪಣೆ ದಿನ ಮುಗಿಯೋದರೊಳಗೆ. ಒಬ್ಬಳೇ ಬಂದ್ರೆ ಆಗಲ್ಲ. ಅಲ್ಲೀವರೆಗೆ ಅಜ್ಜಿ, ನೀವು ಆ ಕಂಪ್ಯೂಟರ್ ಕೋಣೆಗೆ ಕಾಲಿಡಬೇಡಿ. ನಿಮ್ಮ ಮನೆ ಫೈಲು ಅದರಲ್ಲಿ ಐತೆ. ನಾಳೆ ಯಾರಾದ್ರೂ ಮಾತಾಡ್ತಾರೆ."

ಆ ಹುಡುಗಿಯ ಅರ್ಜಿಯಲ್ಲಿದ್ದ ಫೋನಿಗೆ ಹಚ್ಚಿದರೆ ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದು ಹೆಂಗಸೊಬ್ಬಳು ಹೇಳುತ್ತಿದ್ದಳು. ವಿಳಾಸ ಗೊಲ್ಲರಹಟ್ಟಿ, ಮೊಳಕಾಲ್ಮೂರು ತಾಲ್ಲೂಕು. ಅಂಚೆ ಕಚೇರಿಯ ಊರು ಬರೆದಿದ್ದ ಕಡೆ ನಮ್ಮದೇ ಮೊಹರು ಕೂತು ಮಸಿಯಾಗಿತ್ತು. ಸೂಪರಿಂಟೆಂಡೆಂಟ್ ಮೇಡಂ ಆ ಅರ್ಧ ವಿಳಾಸಕ್ಕೇ ಅಂಚೆಯಲ್ಲಿ ನೋಟಿಸು ಕಳಿಸಿದರು. ಅದು ತಲುಪುವುದರೊಳಗೆ ದಿನ ಮುಗಿಯುತ್ತದೆಂದು ಅವರಿಗೂ ಗೊತ್ತಿತ್ತು.

ನಾನು ವರಾಂಡದಲ್ಲಿ ಕೂತಿದ್ದೆ. ಹಳೆಯ ಗುಮಾಸ್ತರೊಬ್ಬರು ಬೀಡಿ ಸೇದಲು ಬಂದವರು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು.

"ಅಳಬೇಡಿ ಅಜ್ಜಿ. ಒಂದು ಮಾತು ಹೇಳ್ತೀನಿ, ನಾನು ಹೇಳ್ದೆ ಅನ್ನಬೇಡಿ. ಫೋನ್ ನಂಬರು ನಿಮ್ದೇ ಐತೆ. ಪರಿಶೀಲನೆ ದಿನ ಹುಡುಗಿ ಬಂದು, ಫೈಲು ನಂದೇ, ಮಾರ್ಕ್ಸು ತಪ್ಪು ಬಿದ್ದೈತೆ ಅಂತ ಮೂಲ ದಾಖಲೆ ತೋರಿಸ್ಲಿ. ತಿದ್ದಿಕೊಡ್ತಾರೆ. ಮಾರ್ಕ್ಸು ಇಳಿದ್ರೂ ಸೀಟು ಉಳೀತದೆ. ಬಿಡಿಸೋಕೆ ಹೋದ್ರೆ ಮೇಲೆ ಇನ್ನೊಬ್ಬಳು ಕೂರ್ತಾಳೆ, ನಿಮ್ಮ ಹುಡುಗಿ ಜಾರಿ ಹೊರಗೆ ಬೀಳ್ತಾಳೆ."

"ಆ ಹುಡುಗಿ ಗತಿ?"

"ಯಾವ ಹುಡುಗಿ? ಪಟ್ಟೀಲಿ ಇರೋದು ಒಬ್ಬಳೇ ಕರಿಯಮ್ಮ."

ಸುಳ್ಳು ಹೇಳುವುದಿಲ್ಲ. ಆ ಮಾತು ನನಗೆ ಹಿತವಾಯಿತು. ಆ ದಿನ ಪೂರ್ತಿ ಅದನ್ನೇ ಬಾಯಲ್ಲಿಟ್ಟುಕೊಂಡು ಚೀಪಿದೆ. ಮನೆಗೆ ಬಂದು ಮಗನಿಗೆ, ಸೊಸೆಗೆ ಹೇಳಿದೆ. ಮಗ ನಿಟ್ಟುಸಿರು ಬಿಟ್ಟು, "ಹಂಗಾದ್ರೆ ಬಚಾವ್" ಎಂದ. ಸೊಸೆ ಒಲೆಗೆ ಸೌದೆ ಒಟ್ಟುತ್ತಾ ಕೇಳಿಸಿಕೊಂಡಳು.

ಮೊಮ್ಮಗಳು ಮೂಲ ದಾಖಲೆ ತೆಗೆಯಲು ಟ್ರಂಕು ತೆರೆದಳು. ಮೇಲೆಯೇ ಇತ್ತು ಹೋದ ವರ್ಷದ ಲಕೋಟೆ. ಎಷ್ಟು ಒರೆಸಿದ್ದರೂ ಜೇಡರ ಬಲೆಯ ಕಲೆ ಹೋಗಿರಲಿಲ್ಲ. ಅವಳು ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ನಾನು ನೋಡಿದೆ. ಅವಳೂ ನಾನು ನೋಡಿದ್ದನ್ನು ನೋಡಿದಳು.

"ಆಗ ಸಂದೀಲಿ ಬಿದ್ದಿತ್ತು, ಯಾರೂ ಹಾಕಿರಲಿಲ್ಲ" ಎಂದೆ. "ಈ ಸಲ ಆ ಹುಡುಗೀನ ಸಂದಿಗೆ ಹಾಕಿದ್ದು ನನ್ನ ಬಾಯಿ ಕಣೇ."

ಅವಳು ಮೂಲ ದಾಖಲೆಗಳನ್ನು ಒಂದೊಂದಾಗಿ ಎತ್ತಿಕೊಂಡಳು. "ನಾನು ಜಾರಿ ಹೋದ್ರೆ ಅಜ್ಜಿ?"

ನಾನು ಆ ಲಕೋಟೆಯನ್ನು ಎತ್ತಿ ಮತ್ತೆ ಟ್ರಂಕಿನಲ್ಲಿಟ್ಟೆ. ಅವಳು ಟ್ರಂಕು ಮುಚ್ಚಿ, ಅದರ ಮೇಲೆ ಕೂತು ಕೇಳಿದಳು. "ಮೊಳಕಾಲ್ಮೂರು ಬಸ್ಸು ಎಷ್ಟೊತ್ತಿಗೈತೆ?"

ಮಗ ಕೂಗಾಡಿದ. "ಯಾರದೋ ಮಗಳಿಗೆ ಸೀಟು ಕೊಡಿಸೋಕೆ ನಮ್ಮ ಮಗಳ ಸೀಟು ಬಿಡ್ತೀಯಾ ಅವ್ವಾ? ತಲೆ ಕೆಟ್ಟೈತಾ ನಿಂಗೆ?" ಸೊಸೆ ಆಗ ಮೊದಲ ಸಲ ಬಾಯಿ ತೆಗೆದಳು. "ಲೇ ಚಿಕ್ಕಣ್ಣ ಅಂತ ಕೂಗಿದ್ರೆ ಅಲ್ಲೂ ಒಬ್ಬ ಅಪ್ಪ ತಿರುಗಿ ನೋಡ್ತಾನೆ ಕಣ್ರೀ. ಹೋಗಿ ಬರ್ಲಿ ಬಿಡ್ರಿ." ಮಗ ಕೋಲು ತೆಗೆದುಕೊಂಡು ಕುರಿ ಕಡೆಗೆ ಹೊರಟುಹೋದ.

ಬಸ್ಸು ತಳಕು ದಾಟಿತು. ಹೊರಗೆ ಗಾಳಿಯಂತ್ರಗಳು ಒಂದೇ ಸಮ ತಿರುಗುತ್ತಿದ್ದವು. ಕಿಟಕಿ ಮುಚ್ಚಿದರೂ ಸಂದಿಯಿಂದ ದೂಳು ನುಗ್ಗುತ್ತಿತ್ತು. ಮೊಳಕಾಲ್ಮೂರು ಸೀಮೆಯಲ್ಲಿ ಇಳಿದು, ಸಿಕ್ಕ ಆಟೊ ಹತ್ತಿ ಮೊದಲ ಗೊಲ್ಲರಹಟ್ಟಿಗೆ ಹೋದೆವು. ಅರಳಿಕಟ್ಟೆಯಲ್ಲಿ ಕೂತಿದ್ದ ಮುದುಕನನ್ನು ಕೇಳಿದೆ. "ಚಿಕ್ಕಣ್ಣನ ಮಗಳು ಕರಿಯಮ್ಮ ಅಂತ ಐದಾಳಾ?"

"ಐದಾಳಲ್ಲ. ತೊಟ್ಟಿಲಲ್ಲಿ ಮಲಗೈದಾಳೆ. ಏನು, ಹೆಣ್ಣು ನೋಡೋಕೆ ಬಂದ್ರಾ?"

ಇನ್ನೊಂದು ಹಟ್ಟಿಯಲ್ಲಿ ಚಿಕ್ಕಣ್ಣನ ಮಗಳು ಕರಿಯಮ್ಮ ಎಂದರೆ ಹಲ್ಲೆಲ್ಲ ಉದುರಿದ ಅಜ್ಜಿ ಹೊರಗೆ ಬಂದಳು. "ನಾನೇ ಕಣವ್ವ. ಏನು, ಪಿಂಚಣಿ ಬಂತಾ?" ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ. ನನಗೆ ಅಳು ಬರುತ್ತಿತ್ತು. ಹೊತ್ತು ಬಾಗುತ್ತಿತ್ತು, ಮರುದಿನ ಆಕ್ಷೇಪಣೆಗೆ ಕೊನೆ. ಹುಡುಗಿ ಸಿಗದೇ ಹೋದರೆ ಗುಮಾಸ್ತರ ಮಾತೇ ಗಟ್ಟಿ ಎಂದು ಒಳಗೊಳಗೇ ಒಂದು ದನಿ ಹೇಳುತ್ತಿತ್ತು, ಹುಡುಕಿದ್ದೇವಲ್ಲ, ಇನ್ನು ನಮ್ಮ ತಪ್ಪೇನು ಎನ್ನುತ್ತಿತ್ತು. ಆ ದನಿಗೆ ಹೆದರಿಯೇ ನಾನು ಮುಂದಿನ ಹಟ್ಟಿಗೆ ನಡೆದೆ.

ಅಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದ ಹೆಂಗಸು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. "ಓದಿದ ಕರಿಯಮ್ಮನಾ? ಅವಳು ಇಲ್ಲಿಲ್ಲ. ಸೀಟು ಬರಲಿಲ್ಲ ಅಂತ ಪೇಟೇಲಿ ನೇಯೋರ ಮನೆಗೆ ರೇಷ್ಮೆ ಸುತ್ತೋಕೆ ಹೋಗ್ತಾಳೆ. ಅಪ್ಪನ ಫೋನು ಬಾವಿಗೆ ಬಿದ್ದಾಗಿನಿಂದ ನಮಗೂ ಸುದ್ದಿ ಇಲ್ಲ."

ಮೊಳಕಾಲ್ಮೂರಿನ ಆ ಬೀದಿಯಲ್ಲಿ ಮನೆಮನೆಯಿಂದಲೂ ಮಗ್ಗದ ಲಟಪಟ ಸದ್ದು. ಒಂದೊಂದೇ ಬಾಗಿಲಲ್ಲಿ ತಲೆ ಹಾಕಿದೆವು. ಒಂದು ಮನೆಯಲ್ಲಿ ಮಗ್ಗದ ಗುಂಡಿಯಲ್ಲಿ ಕೂತಿದ್ದ ಯಜಮಾನ ಕೈ ನಿಲ್ಲಿಸದೆಯೇ ಕೇಳಿದ. "ಏಮ್ಮಾ, ಎವರು ಕಾವಾಲಿ? ಯಾರು ಬೇಕು?"

"ಕರಿಯಮ್ಮ."

ರಾಟೆಯ ಮುಂದೆ ಕೂತಿದ್ದ ತೆಳ್ಳನೆಯ ಹುಡುಗಿ ತಲೆ ಎತ್ತಿದಳು. ನನ್ನ ಪಕ್ಕದಲ್ಲಿದ್ದ ಮೊಮ್ಮಗಳೂ ಹೆಸರು ಕೇಳಿ ತಲೆ ಎತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ನಾನು ನೆಲದ ಮೇಲೆಯೇ ಕೂತು ಎಲ್ಲವನ್ನೂ ಹೇಳಿದೆ. ಹುಡುಗಿ ಕೇಳುತ್ತಾ ಕೇಳುತ್ತಾ ಕದಿರಿನಿಂದ ಕೈ ತೆಗೆದಳು. ಎಳೆ ಕಿತ್ತುಹೋಯಿತು. "ಫೋನು ಹೋಯ್ತು, ಕಾಗದಾನೂ ಬರಲಿಲ್ಲ ಅಂದ ಮೇಲೆ ನಂದು ಆಗಲಿಲ್ಲ ಅಂದ್ಕೊಂಡೆ ಅವ್ವಾ. ಹೋಗಿ ಕೇಳೋಕೂ ನಾಚಿಕೆ ಆಯ್ತು" ಎಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನಾನು ಬಂದ್ರೆ ನಿನಗೆ ಸೀಟು ಉಳೀತದಾ?" ಎಂದಳು.

"ಗೊತ್ತಿಲ್ಲ" ಎಂದಳು ಮೊಮ್ಮಗಳು.

"ಮತ್ತೆ ಯಾಕೆ ಬಂದೆ?"

"ಅಜ್ಜಿ ಕರ್ಕೊಂಡು ಬಂದ್ಲು. ನನ್ನ ಕೇಳಬೇಡ, ನಾನು ಬಸ್ಸಲ್ಲಿ ಎರಡು ಸಲ ಇಳಿದು ಬಿಡೋಣ ಅಂದ್ಕೊಂಡೆ."

ಮಗ್ಗದ ಯಜಮಾನ ಜೋರಾಗಿ ನಕ್ಕುಬಿಟ್ಟ. "ಎಳೆ ನಾನು ಕಟ್ಕೋತೀನಿ. ಎದ್ದೇಳು, ಹೋಗು ಹೋಗು!" ಎಂದು ಅವಳನ್ನು ಎಬ್ಬಿಸಿದ.

ಮರುದಿನ ಇಬ್ಬರೂ ಮೂಲ ದಾಖಲೆ ಹಿಡಿದು ಸೂಪರಿಂಟೆಂಡೆಂಟ್ ಮೇಡಂ ಮುಂದೆ ನಿಂತರು. ಮೇಡಂ ಕೇಳಿದರು. "ನಿಮ್ಮಲ್ಲಿ ಕರಿಯಮ್ಮ ಯಾರು?"

"ನಾನು ಮೇಡಂ" ಎಂದು ಎರಡು ದನಿ ಒಟ್ಟಿಗೆ ಬಂತು. ಇಡೀ ವಿಭಾಗ ನಕ್ಕಿತು. ಬೀಡಿ ಗುಮಾಸ್ತರು ಮಾತ್ರ ಫೈಲಿನೊಳಗೆ ಮುಖ ಹಾಕಿಕೊಂಡಿದ್ದರು.

ಇಬ್ಬರೂ ಸಹಿ ಹಾಕಿದರು. ಕಂಪನಿಯವರು ಬೀಗ ತೆಗೆದರು. ಅರ್ಜಿ ಹೊತ್ತಿಗೆ ಸರಿಯಾಗಿ ಬಂದಿತ್ತು ಎನ್ನುವುದಕ್ಕೆ ಗುರುತು ಬೇಕಲ್ಲ, ಲಕೋಟೆಯ ಮೊಹರು. ಅಸಲು ಲಕೋಟೆಗಳು ಯಾವ ಮೂಟೆಯಲ್ಲಿದ್ದವೋ ದೇವರೇ ಬಲ್ಲ. ಆದರೆ ಎರಡರ ಚಿತ್ರವೂ ಆ ಫೈಲಿನಲ್ಲೇ ಇತ್ತು, ಮೊಹರು ಸಮೇತ. ನಾನು ಗೊಣಗಿಕೊಂಡು ಕೊಟ್ಟಿದ್ದ ಹರಿದ ಲಕೋಟೆ! ಒಳಗೆ ಹೋದದ್ದು ಏನೂ ಕಳೆಯಲ್ಲ ಎಂದು ಕಂಪ್ಯೂಟರ್ ಮೇಡಂ ಹೇಳಿದ್ದು ನಿಜವೇ ಆಯಿತು. ಕಾಗದ ಒಂದೂ ಕಳೆದಿರಲಿಲ್ಲ, ಕಳೆದದ್ದು ಒಂದು ಮನುಷ್ಯಜೀವ, ಅದು ನನ್ನ ಬಾಯಿಂದ.

ಕಂಪ್ಯೂಟರ್ ಮೇಡಂ ಎರಡು ಅರ್ಜಿಯನ್ನೂ ಬೇರೆ ಬೇರೆಯಾಗಿ ಒಳಗೆ ಹಾಕಿದಳು. ನಾನು ಒಳಗೆ ಹೋಗುವ ಹಾಗಿರಲಿಲ್ಲ, ಹೊಸ್ತಿಲಾಚೆ ನಿಂತಿದ್ದೆ. ಯಂತ್ರ ಮತ್ತೆ ಟಣ್ಣೆಂದಿತು. ಮೇಡಂ ನನ್ನ ಕಡೆ ತಿರುಗಿ, ಮೊದಲಿನ ಹಾಗೆಯೇ ಗಟ್ಟಿಯಾಗಿ ಓದಿದಳು.

"ಕರಿಯಮ್ಮ, ತಂದೆ ಚಿಕ್ಕಣ್ಣ, ಗೊಲ್ಲರಹಟ್ಟಿ, ಜೂನ್ ಒಂದು. ಒಂದೇ ವ್ಯಕ್ತಿಯೇ?"

"ಅಲ್ಲ ಕಣವ್ವ" ಎಂದೆ. ಇನ್ನೊಮ್ಮೆ ಹೇಳಿದೆ. "ಅಲ್ಲ. ಇಬ್ಬರು."

ಗುಮಾಸ್ತರು ಹೇಳಿದ ಹಾಗೆಯೇ ಆಯಿತು. ಮೊಳಕಾಲ್ಮೂರಿನವಳು ಮೇಲೆ ಕೂತಳು, ನನ್ನ ಮೊಮ್ಮಗಳು ಜಾರಿ ಪಟ್ಟಿಯಿಂದ ಹೊರಗೆ ಬಿದ್ದಳು. ಕಾಯುವವರಲ್ಲಿ ಮೊದಲ ಹೆಸರು. ಮಗ ನನ್ನೊಡನೆ ಮಾತು ಬಿಟ್ಟ. ಮೊಮ್ಮಗಳ ಅತ್ತೆ ಫೋನು ಮಾಡಿ, ಗಾರ್ಮೆಂಟ್ಸಿನಲ್ಲಿ ಜಾಗ ಕೇಳಿಟ್ಟಿದ್ದೇನೆ ಎಂದಳು. ನಾನು ಗುಡಿಸುವಾಗ ಪೊರಕೆಯ ಕಡ್ಡಿ ಮುರಿಯುವಷ್ಟು ಒತ್ತಿ ಗುಡಿಸುತ್ತಿದ್ದೆ. ಬೀರುವಿನ ಸಂದಿಯನ್ನಂತೂ ದಿನಾ ಗುಡಿಸುತ್ತಿದ್ದೆ, ಅಲ್ಲಿ ಈಗ ಏನೂ ಬೀಳುವುದಿಲ್ಲ ಎಂದು ಗೊತ್ತಿದ್ದರೂ.

ಕಂಪ್ಯೂಟರ್ ಮೇಡಂಗೆ ಮಾತ್ರ ನಮ್ಮದೊಂದು ಬಿಡಿಸಿ ಸಮಾಧಾನವಾಗಲಿಲ್ಲ. ಒಂದಾಗಿದ್ದ ಫೈಲುಗಳನ್ನೆಲ್ಲ ಮತ್ತೆ ತೆಗೆಯಲು ಸೂಪರಿಂಟೆಂಡೆಂಟ್ ಮೇಡಂ ಅಪ್ಪಣೆ ಪಡೆದಳು. ತಾಯಿ ಹೆಸರು, ತಾಲ್ಲೂಕು ಎಂಬ ಎರಡು ಕಾಲಂ ಹೊಸದಾಗಿ ಸೇರಿಸಿ ಒಂದೊಂದನ್ನೇ ನೋಡಿದಳು. ಹೆಚ್ಚಿನವರು ನಿಜವಾಗಿಯೂ ಎರಡು ಹಾಕಿದ ಪೆದ್ದರೇ. ಆದರೆ ಸಸ್ಯಶಾಸ್ತ್ರದ ಪಟ್ಟಿಯಲ್ಲಿ ನನ್ನ ಮೊಮ್ಮಗಳಿಗಿಂತ ಮೇಲಿದ್ದ ಒಬ್ಬ ಹುಡುಗಿಯೂ ನಮ್ಮ ಹಾಗೆ ಇಬ್ಬರಾಗಿ ಬಿಡಿಸಿಕೊಂಡಳು. ಹೆಚ್ಚು ಅಂಕದವಳು ಅರ್ಜಿ ಹಾಕಿದ್ದು ರಸಾಯನಶಾಸ್ತ್ರಕ್ಕೆ, ಅಲ್ಲಿಗೆ ಹೋದಳು. ಸಸ್ಯಶಾಸ್ತ್ರ ಕೇಳಿದ್ದವಳು ಆಗಲೇ ಬೇರೆ ಊರಲ್ಲಿ ಬಿ.ಎಡ್. ಸೇರಿಬಿಟ್ಟಿದ್ದಳು. ಒಂದು ಜಾಗ ತೆರವಾಯಿತು. ಕಾಯುತ್ತಿದ್ದ ಮೊದಲ ಹೆಸರು ಒಳಗೆ ಬಂತು.

ಆಮೇಲಿನದು ಪೊರಕೆ, ಕುಣಿತ.

ಆ ಸಂಜೆ ಮಗ ಮರಿ ಕಡಿಯುತ್ತೇನೆಂದು ಹೊರಟ. ಶ್ರಾವಣ ಶುರುವಾಗಿದೆ ಎಂದು ಸೊಸೆ ತಡೆದಳು, ಮರಿ ಬದುಕಿಕೊಂಡಿತು. ಹೋಳಿಗೆ, ಹುರುಳಿಕಾಳು ಸಾರು, ಮುದ್ದೆ ಆಯಿತು. ಮೊಳಕಾಲ್ಮೂರಿನ ಕರಿಯಮ್ಮ ಅಪ್ಪ ಅವ್ವನ ಜೊತೆ ಬಸ್ಸಿಳಿದು ಬಂದಳು. ಆ ಚಿಕ್ಕಣ್ಣನೂ ಈ ಚಿಕ್ಕಣ್ಣನೂ ಕುರಿ ರೋಗದ ಮಾತು ಹಿಡಿದು ಕೂತರೆ ಯಾರ ಮಾತಿಗೆ ಯಾರು ಹೂಂಗುಟ್ಟುತ್ತಾರೋ ತಿಳಿಯುತ್ತಿರಲಿಲ್ಲ. ಮಗ ನನ್ನ ತಟ್ಟೆಗೆ ತಾನೇ ಮುದ್ದೆ ಇಟ್ಟ. "ಉಣ್ಣವ್ವ" ಎಂದ. ಆಷಾಢದಿಂದ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಉಂಡೆ. ಸಲೀಸಾಗಿ ಇಳಿಯಿತು.

ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ನಾನು ಎದ್ದು ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಬಂದು, ತುಪ್ಪದ ಮಿಳ್ಳಿ ಎತ್ತಿ, "ಕರಿಯಮ್ಮಾ" ಎಂದೆ.

ಎರಡು ತಟ್ಟೆ ಮುಂದೆ ಬಂದವು.